ಅಳೆದದ್ದನ್ನೇ ಬರೆಯುವುದು: ಪಾಠದ ಕೊಠಡಿಯಿಂದ ಸಂಶೋಧನೆಗೆ

(ದಾವಣಗೆರೆಯಲ್ಲಿ ಪದವಿ ಕಾಲೇಜುಗಳ ಭೌತವಿಜ್ಞಾನ ಅಧ್ಯಾಪಕರು ಮತ್ತು ಎಂ.ಎಸ್ಸಿ. ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಆಡುವಾಗ ಸಮಯ ಸಾಲದೆ ಬಿಟ್ಟಿದ್ದ ಕೆಲವು ಲೆಕ್ಕಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಮಿತ್ರರೇ, ನನಗೆ ಕೊಟ್ಟಿರುವ ವಿಷಯ ಭೌತವಿಜ್ಞಾನದ ಅಧ್ಯಾಪಕನೊಬ್ಬನ ಪಾಠ ಮತ್ತು ಸಂಶೋಧನೆ. ಮೂವತ್ತಕ್ಕೂ ಹೆಚ್ಚು ವರ್ಷ ಈ ಊರಿನ ಪದವಿ ತರಗತಿಗಳಲ್ಲಿ ಪಾಠ ಹೇಳಿ ನಿವೃತ್ತನಾದ ನಾನು, ವೃತ್ತಿಯ ಮೊದಲ ಹತ್ತು ವರ್ಷ ಇವೆರಡನ್ನೂ ಬೇರೆ ಬೇರೆ ಕೆಲಸಗಳೆಂದೇ ನಂಬಿದ್ದೆ. ಪಾಠ ಎಂಬುದು ಕಾಲೇಜು ನಡೆಯುವ ದಿನಗಳಿಗೆ, ಸಂಶೋಧನೆ ಎಂಬುದು ರಜೆಯ ದಿನಗಳಿಗೆ ಎಂದು ಮನಸ್ಸಿನಲ್ಲೇ ಹಂಚಿಕೊಂಡಿದ್ದೆ. ಆ ನಂಬಿಕೆಯನ್ನು ಮೊದಲು ಅಲುಗಾಡಿಸಿದ್ದು ಯಾವ ದೊಡ್ಡ ಉಪಕರಣವೂ ಅಲ್ಲ, ಬಿ.ಎಸ್ಸಿ. ಮೊದಲ ವರ್ಷದ ಸರಳ ಲೋಲಕ, ಅಂದರೆ ದಾರಕ್ಕೆ ಕಟ್ಟಿ ತೂಗಲು ಬಿಟ್ಟ ಗುಂಡು.

ಲೋಲಕದಿಂದ ಗುರುತ್ವ ವೇಗೋತ್ಕರ್ಷ, ಅಂದರೆ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಎಂಬುದನ್ನು ಕಂಡುಹಿಡಿಯುವ ಪ್ರಯೋಗವನ್ನು ಇಲ್ಲಿರುವ ಎಲ್ಲರೂ ಮಾಡಿದ್ದೀರಿ, ಹಲವರು ಮಾಡಿಸಿದ್ದೀರಿ. ಒಂದು ವರ್ಷ ಪ್ರಾಯೋಗಿಕ ಪರೀಕ್ಷೆಗೆ ಮುನ್ನ ರೆಕಾರ್ಡ್ ಪುಸ್ತಕಗಳಿಗೆ ಸಹಿ ಹಾಕುತ್ತ ಕುಳಿತಿದ್ದಾಗ, ಒಂದಾದ ಮೇಲೊಂದು ಪುಸ್ತಕದಲ್ಲಿ ಉತ್ತರ 980 ಸೆಂಟಿಮೀಟರ್ ಪ್ರತಿ ಸೆಕೆಂಡ್ ವರ್ಗ ಎಂದೇ ಇರುವುದು ನನ್ನ ಕಣ್ಣಿಗೆ ಬಿತ್ತು. ಅದಕ್ಕೂ ಮೊದಲು ನೂರಾರು ಬಾರಿ ಅದನ್ನು ನೋಡಿ ಸಹಿ ಹಾಕಿದ್ದೆ. ಆ ದಿನ ಮಾತ್ರ ಕೈ ನಿಂತಿತು. ಒಂದು ಮೀಟರ್ ಉದ್ದದ ಲೋಲಕ ಐವತ್ತು ಬಾರಿ ತೂಗಲು ಸುಮಾರು 100 ಸೆಕೆಂಡ್ ಬೇಕು. ಕೈಯಲ್ಲಿ ಸ್ಟಾಪ್‌ವಾಚ್ ಒತ್ತುವ ಹುಡುಗನ ತಪ್ಪು 0.2 ಸೆಕೆಂಡಿನಷ್ಟಾದರೂ ಇರುತ್ತದೆ. ಅದು ಸಾವಿರಕ್ಕೆ ಎರಡು. ಕಾಲದ ವರ್ಗ ಸೂತ್ರದಲ್ಲಿರುವುದರಿಂದ ಉತ್ತರದಲ್ಲಿ ಸಾವಿರಕ್ಕೆ ನಾಲ್ಕಾಗುತ್ತದೆ. ಅಂದರೆ ಪ್ರಾಮಾಣಿಕವಾಗಿ ಅಳೆದ ತರಗತಿಯೊಂದರಲ್ಲಿ ಕೆಲವರಿಗೆ 973, ಕೆಲವರಿಗೆ 982, ಇನ್ನು ಕೆಲವರಿಗೆ 985 ಬರಲೇಬೇಕು. ಎಲ್ಲರಿಗೂ 980 ಬಂದಿದೆ ಎಂದರೆ ಯಾರೂ ಅಳೆದಿಲ್ಲ ಎಂದೇ ಅರ್ಥ.

ಇದಕ್ಕಿಂತ ನನ್ನನ್ನು ಕಾಡಿದ ಸಂಗತಿ ಇನ್ನೊಂದಿತ್ತು. ದಾವಣಗೆರೆಯಲ್ಲಿ ಗುರುತ್ವ ವೇಗೋತ್ಕರ್ಷದ ಬೆಲೆ 980 ಅಲ್ಲವೇ ಅಲ್ಲ. ಭೂಮಿ ತಿರುಗುವುದರಿಂದಲೂ ನಡುವಿನಲ್ಲಿ ತುಸು ಉಬ್ಬಿರುವುದರಿಂದಲೂ ಈ ಬೆಲೆ ಧ್ರುವಗಳಲ್ಲಿ 983, ಸಮಭಾಜಕ ವೃತ್ತದಲ್ಲಿ 978 ಇರುತ್ತದೆ. ನಾವಿರುವುದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಲೆಕ್ಕ ಹಾಕಿದರೆ ಸಿಗುವುದು 978ರ ಆಸುಪಾಸು. ನಮ್ಮ ಮಕ್ಕಳು ತಮ್ಮ ಊರಿನದಲ್ಲದ ಬೆಲೆಯೊಂದನ್ನು, ತಾವು ಅಳೆಯದೇ, ತಮ್ಮ ಅಳತೆಯೆಂದು ಬರೆಯುತ್ತಿದ್ದರು. ನಾನು ಅದಕ್ಕೆ ಹತ್ತಕ್ಕೆ ಹತ್ತು ಕೊಡುತ್ತಿದ್ದೆ.

ಮುಂದಿನ ವರ್ಷ ಕ್ರಮ ಬದಲಾಯಿಸಿದೆ. ಉತ್ತರಕ್ಕೆ ಅಂಕವಿಲ್ಲ, ಕಚ್ಚಾ ಓದುಗಳಿಗೆ ಮಾತ್ರ ಅಂಕ ಎಂದೆ. ಪೆನ್ಸಿಲ್ಲಿನಲ್ಲಿ ಬರೆಯಬಾರದು, ತಪ್ಪಿದ ಓದನ್ನು ಅಳಿಸದೆ ಒಂದು ಗೆರೆ ಎಳೆದು ಬಿಡಬೇಕು ಎಂದೆ. ಐವತ್ತು ವಿದ್ಯಾರ್ಥಿಗಳ ಫಲಿತಾಂಶಗಳನ್ನು ಕಪ್ಪುಹಲಗೆಯ ಮೇಲೆ ಒಟ್ಟಿಗೆ ಬರೆಸಿದೆವು. ಬಿಡಿಬಿಡಿಯಾಗಿ ನೋಡಿದರೆ ಯಾರ ಅಳತೆಯೂ 978ನ್ನು 980ರಿಂದ ಬೇರ್ಪಡಿಸುವಷ್ಟು ಸೂಕ್ಷ್ಮವಾಗಿರಲಿಲ್ಲ. ಆದರೆ ಐವತ್ತು ಸ್ವತಂತ್ರ ಅಳತೆಗಳ ಸರಾಸರಿಯಲ್ಲಿ ಆಕಸ್ಮಿಕ ತಪ್ಪು ಐವತ್ತರ ವರ್ಗಮೂಲದಷ್ಟು, ಅಂದರೆ ಸುಮಾರು ಏಳು ಪಟ್ಟು ಕುಗ್ಗುತ್ತದೆ. ನಾಲ್ಕರಷ್ಟಿದ್ದ ತಪ್ಪು 0.6ಕ್ಕೆ ಇಳಿಯುತ್ತದೆ. ಒಬ್ಬನಿಗೆ ಕಾಣದ ವ್ಯತ್ಯಾಸ ಇಡೀ ತರಗತಿಗೆ ಕಾಣುತ್ತದೆ, ಪ್ರತಿಯೊಬ್ಬರೂ ತಮಗೆ ಬಂದದ್ದನ್ನೇ ಬರೆದಿದ್ದರೆ ಮಾತ್ರ. ದಾರದ ಉದ್ದವನ್ನು ಗುಂಡಿನ ಮಧ್ಯದವರೆಗೆ ಅಳೆಯದವರನ್ನು ಮತ್ತೆ ಅಳೆಯಲು ಕಳುಹಿಸಿ, ಎರಡು ವಾರದ ಮೇಲೆ ತರಗತಿಯ ಸರಾಸರಿ 978ರ ಬಳಿ ಬಂದು ನಿಂತಾಗ ಆ ಕೊಠಡಿಯಲ್ಲಿ ಎದ್ದ ಸದ್ದನ್ನು ನಾನು ಇಂದಿಗೂ ಮರೆತಿಲ್ಲ. ಆ ಮಕ್ಕಳು ತಮ್ಮ ಊರನ್ನು ಅಳೆದಿದ್ದರು.

ಪಾಠದ ಬಗ್ಗೆ ಇನ್ನೊಂದು ಘಟನೆ ಹೇಳಬೇಕು. ನಮ್ಮಲ್ಲಿಗೆ ಬರುವ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಜಗಳೂರು, ಹರಪನಹಳ್ಳಿ, ಹೊಳಲ್ಕೆರೆ, ಚನ್ನಗಿರಿ ಕಡೆಯ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಬರುವವರು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಮುಂದೆ ಒಮ್ಮೆಲೇ ಇಂಗ್ಲಿಷ್ ಪುಸ್ತಕಕ್ಕೆ ಬೀಳುವವರು. ಜವ ಮತ್ತು ವೇಗ, ತೂಕ ಮತ್ತು ದ್ರವ್ಯರಾಶಿ ಎಂಬ ಜೋಡಿಗಳನ್ನು ಶಾಲೆಯಲ್ಲಿ ಚೆನ್ನಾಗಿಯೇ ಕಲಿತಿದ್ದರೂ ಇಂಗ್ಲಿಷಿನಲ್ಲಿ ಅವೇ ಎದುರಾದಾಗ ಹೊಸ ಸಂಗತಿಗಳೆಂದು ಹೆದರುತ್ತಾರೆ. ಆದ್ದರಿಂದ ನಾನು ಪ್ರತಿ ಪರಿಕಲ್ಪನೆಯನ್ನು ಮೊದಲು ಕನ್ನಡದಲ್ಲಿ ಹೇಳಿ ಆಮೇಲೆ ಇಂಗ್ಲಿಷ್ ಹೆಸರನ್ನು ಕೊಡುತ್ತಿದ್ದೆ. ಒಂದು ದಿನ ಕಾರ್ಯದ ವ್ಯಾಖ್ಯೆ ನಡೆಯುತ್ತಿತ್ತು. ಬಲದ ದಿಕ್ಕಿನಲ್ಲಿ ಚಲನೆಯಿಲ್ಲದಿದ್ದರೆ ಕಾರ್ಯ ಸೊನ್ನೆ. ತಲೆಯ ಮೇಲೆ ಮೂಟೆ ಹೊತ್ತು ಸಮತಟ್ಟಾದ ನೆಲದ ಮೇಲೆ ನಡೆಯುವವನು ಮೂಟೆಯ ಮೇಲೆ ಮಾಡುವ ಕಾರ್ಯ ಸೊನ್ನೆ ಎಂದು ಎಲ್ಲ ಪುಸ್ತಕಗಳಲ್ಲೂ ಇರುವ ಉದಾಹರಣೆ ಕೊಟ್ಟೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. “ನಮ್ಮಪ್ಪ ದಿನಾ ಎಪಿಎಂಸಿಯಾಗೆ ಮೆಕ್ಕೆಜೋಳದ ಮೂಟೆ ಹೊರ್ತಾನೆ ಸಾರ್. ಸಂಜಿಗೆ ಮೈ ಎತ್ತಕ್ಕಾಗಲ್ಲ. ಕೆಲ್ಸ ಸೊನ್ನೆ ಅಂದ್ರೆ ಹೆಂಗೆ?” ಎಂದು ಕೇಳಿದ.

ಭೌತವಿಜ್ಞಾನದಲ್ಲಿ ಕಾರ್ಯ ಎಂಬ ಪದಕ್ಕೆ ಬೇರೆಯೇ ಅರ್ಥ ಎಂದು ಹೇಳಿ ಅವನನ್ನು ಕೂರಿಸಬಹುದಿತ್ತು. ನನಗೆ ಹಾಗೆ ಮಾಡಲು ಮನಸ್ಸಾಗಲಿಲ್ಲ, ಏಕೆಂದರೆ ಅವನ ಪ್ರಶ್ನೆ ಪದದ್ದಲ್ಲ, ಶಕ್ತಿ ಎಲ್ಲಿ ಹೋಯಿತು ಎಂಬುದು. ನಾಳೆ ಹೇಳುತ್ತೇನೆಂದು ಒಪ್ಪಿಕೊಂಡು, ಆ ರಾತ್ರಿ ಶರೀರಕ್ರಿಯಾಶಾಸ್ತ್ರದ ಪುಸ್ತಕ ತೆಗೆದೆ. ಸ್ನಾಯು ಎಂಬುದು ಮೇಜಿನಂತೆ ಸುಮ್ಮನೆ ಭಾರ ತಡೆದು ನಿಲ್ಲುವ ವಸ್ತುವಲ್ಲ. ಅದರೊಳಗಿನ ಎಳೆಗಳು ಹಿಡಿಯುತ್ತ, ಬಿಡುತ್ತ, ಮತ್ತೆ ಹಿಡಿಯುತ್ತ ಇರುವುದರಿಂದಲೇ ಬಿಗಿ ಉಳಿಯುತ್ತದೆ. ಪ್ರತಿ ಹಿಡಿತಕ್ಕೂ ಆಹಾರದಿಂದ ಬಂದ ರಾಸಾಯನಿಕ ಶಕ್ತಿ ವೆಚ್ಚವಾಗಿ ಕೊನೆಗೆ ಶಾಖವಾಗುತ್ತದೆ. ಮೂಟೆಯ ಮೇಲಾದ ಕಾರ್ಯ ಸೊನ್ನೆಯಾದರೂ ದೇಹದೊಳಗೆ ಆದದ್ದು ಸೊನ್ನೆಯಲ್ಲ. ಜತೆಗೆ ನಡೆಯುವಾಗ ಪ್ರತಿ ಹೆಜ್ಜೆಗೂ ಮೂಟೆ ತುಸು ಮೇಲೇರಿ ಕೆಳಗಿಳಿಯುತ್ತದೆ, ಇಳಿಯುವಾಗ ಬಿಡುಗಡೆಯಾದ ಶಕ್ತಿಯನ್ನು ದೇಹ ಪೂರ್ತಿಯಾಗಿ ಮರಳಿ ಪಡೆಯಲಾರದು. ಮರುದಿನ ಇದನ್ನು ಹೇಳಿದಾಗ ಆ ಹುಡುಗ ತಲೆಯಾಡಿಸಿದ. ಆ ಉದಾಹರಣೆಯನ್ನು ಹೀಗೆ ಪೂರ್ತಿ ಹೇಳದೆ ಅರ್ಧಕ್ಕೆ ಬಿಡುವ ಪುಸ್ತಕಗಳ ಬಗ್ಗೆ ನನಗೆ ಅಂದಿನಿಂದ ಅಸಮಾಧಾನವಿದೆ. ದುಡಿಯುವವರ ಮಕ್ಕಳಿಗೆ ಪಾಠ ಹೇಳುವ ಊರಿನಲ್ಲಿ ಅದು ಬರಿಯ ಭೌತವಿಜ್ಞಾನದ ಲೋಪವಲ್ಲ.

ಇನ್ನು ಸಂಶೋಧನೆಗೆ ಬರುತ್ತೇನೆ. ಪಿಎಚ್.ಡಿ.ಗೆ ನೋಂದಾಯಿಸಿಕೊಳ್ಳುವಾಗ ನನ್ನ ಮುಂದೆ ಇದ್ದ ಪ್ರಶ್ನೆ, ದ್ರವ ಸಾರಜನಕವಾಗಲಿ ದೊಡ್ಡ ವೇಗವರ್ಧಕವಾಗಲಿ ಇಲ್ಲದ ಕಾಲೇಜಿನಲ್ಲಿ ಕುಳಿತು ಏನನ್ನು ಅಳೆಯಬಹುದು ಎಂಬುದು. ಉತ್ತರ ಕಿಟಕಿಯ ಆಚೆಗೇ ಇತ್ತು. ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ಹೊರಟರೆ ದಾರಿಯುದ್ದಕ್ಕೂ ಕಲ್ಲೇ. ಚಿತ್ರದುರ್ಗ ಗ್ರಾನೈಟ್ ಎಂದು ಭೂವಿಜ್ಞಾನಿಗಳು ಹೆಸರಿಟ್ಟಿರುವ ಶಿಲೆಯ ವಯಸ್ಸು ಸುಮಾರು 260 ಕೋಟಿ ವರ್ಷ. ಇಂಥ ಶಿಲೆಗಳಲ್ಲಿ ಯುರೇನಿಯಂ, ಥೋರಿಯಂ ಮತ್ತು ಪೊಟ್ಯಾಸಿಯಂ-40 ಎಂಬ ಮೂರು ವಿಕಿರಣಶೀಲ ಧಾತುಗಳು ಭೂಮಿ ಹುಟ್ಟಿದಾಗಿನಿಂದ ಉಳಿದುಬಂದಿವೆ. ಪೊಟ್ಯಾಸಿಯಂ-40ರ ಅರ್ಧಾಯು, ಅಂದರೆ ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಬೇಕಾದ ಕಾಲ, 125 ಕೋಟಿ ವರ್ಷ. ಆದ್ದರಿಂದ ಆ ಗ್ರಾನೈಟ್ ಘನವಾದಾಗ ಅದರಲ್ಲಿ ಇದ್ದ ಪೊಟ್ಯಾಸಿಯಂ-40ರಲ್ಲಿ ಈಗ ಕಾಲುಭಾಗದಷ್ಟೂ ಉಳಿದಿಲ್ಲ. ಯುರೇನಿಯಂ-238ರ ಅರ್ಧಾಯು ಸುಮಾರು 447 ಕೋಟಿ ವರ್ಷವಾದ್ದರಿಂದ ಅದು ಮೂರನೆಯ ಎರಡು ಭಾಗ ಉಳಿದಿದೆ, 1,400 ಕೋಟಿ ವರ್ಷ ಅರ್ಧಾಯುವಿನ ಥೋರಿಯಂ ಹೆಚ್ಚುಕಡಿಮೆ ಇದ್ದ ಹಾಗೆಯೇ ಇದೆ. ಅರ್ಧಾಯುವಿನ ಪಾಠವನ್ನು ನಾನು ಆಮೇಲೆ ಎಂದೂ ಪುಸ್ತಕದ ಕಾಲ್ಪನಿಕ ಧಾತುವಿನಿಂದ ಆರಂಭಿಸಲಿಲ್ಲ; ಮೇಜಿನ ಮೇಲೆ ಒಂದು ಕಲ್ಲಿಟ್ಟು ಆರಂಭಿಸುತ್ತಿದ್ದೆ.

ಕೆಲಸದ ವಿಧಾನ ಸರಳ, ಆದರೆ ನಿಧಾನ. ಕಲ್ಲಿನ ತುಣುಕುಗಳನ್ನು ತಂದು, ಕುಟ್ಟಿ, ಜರಡಿ ಹಿಡಿದು, 110 ಡಿಗ್ರಿಯಲ್ಲಿ ಒಣಗಿಸಿ, ಗಾಳಿಯಾಡದ ಡಬ್ಬಿಗಳಲ್ಲಿ ತುಂಬಿ ಮುಚ್ಚಳಕ್ಕೆ ಮೇಣ ಬಳಿದು ಸುಮಾರು ಒಂದು ತಿಂಗಳು ಇಡಬೇಕು. ಯುರೇನಿಯಂ ಕ್ಷಯಿಸುತ್ತ ಒಂದರಿಂದೊಂದು ಧಾತುವಾಗುವ ಸರಣಿಯಲ್ಲಿ ನಡುವೆ ಬರುವ ರೇಡಾನ್ ಅನಿಲವಾದ್ದರಿಂದ ಪುಡಿಯಿಂದ ತಪ್ಪಿಸಿಕೊಳ್ಳುತ್ತದೆ. ಅದರ ಅರ್ಧಾಯು 3.8 ದಿನ. ಡಬ್ಬಿ ಮುಚ್ಚಿದ ಮೇಲೆ ಏಳು ಅರ್ಧಾಯು, ಅಂದರೆ 27 ದಿನ ಕಳೆದರೆ ಹುಟ್ಟುವ ರೇಡಾನ್ ಮತ್ತು ಕ್ಷಯಿಸುವ ರೇಡಾನ್ ಸಮವಾಗುತ್ತವೆ. ಆಗ ಮಾತ್ರ ಅದರ ಮುಂದಿನ ಪೀಳಿಗೆಯಾದ ಬಿಸ್ಮತ್-214ರ ಗ್ಯಾಮಾ ಕಿರಣ ಎಣಿಸಿ ಕಲ್ಲಿನಲ್ಲಿ ರೇಡಾನ್‌ಗೆ ಜನ್ಮ ಕೊಡುವ ರೇಡಿಯಂ ಎಷ್ಟೆಂದು ಹೇಳಬಹುದು. ಅವಸರಪಟ್ಟವನಿಗೆ ಕಡಿಮೆ ಬೆಲೆ ಸಿಗುತ್ತದೆ. ಪತ್ತೆಗೆ ನಮ್ಮಲ್ಲಿ ಇದ್ದದ್ದು ಗ್ಯಾಮಾ ಕಿರಣ ಬಿದ್ದಾಗ ಮಿನುಗುವ, ಥ್ಯಾಲಿಯಂ ಬೆರೆಸಿದ ಸೋಡಿಯಂ ಅಯೋಡೈಡ್ ಹರಳು, ಅದರ ಹಿಂದೆ ಆ ಬೆಳಕನ್ನು ವಿದ್ಯುತ್ ಸಂಕೇತವಾಗಿ ವರ್ಧಿಸುವ ಫೋಟೋಮಲ್ಟಿಪ್ಲೈಯರ್ ನಳಿಕೆ, ಸುತ್ತ ಸೀಸದ ಇಟ್ಟಿಗೆಗಳು. ಪೊಟ್ಯಾಸಿಯಂನ ಗ್ಯಾಮಾ ಕಿರಣ 1,460 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಲ್ಲಿ, ಬಿಸ್ಮತ್‌ನದು 1,764ರಲ್ಲಿ, ಥೋರಿಯಂ ಸರಣಿಯ ಥ್ಯಾಲಿಯಂ-208ರದು 2,614ರಲ್ಲಿ. ಈ ಮೂರು ಶಕ್ತಿಗಳ ಸುತ್ತ ನಾನು ಗುರುತಿಟ್ಟ ‘ಕಿಟಕಿ’ಗಳಲ್ಲಿ ಬಂದ ಎಣಿಕೆಗಳೇ ನನ್ನ ಪ್ರಪಂಚವಾಗಿದ್ದವು.

ಎಂಟು ತಿಂಗಳ ಅಳತೆಗಳನ್ನು ಜೋಡಿಸಿ ನೋಡಿದಾಗ ಒಂದು ಸೊಗಸಾದ ವಿನ್ಯಾಸ ಕಂಡಿತು. ಬೇಸಿಗೆಯ ದಿನಗಳಲ್ಲಿ ಬೆಳಗಿನ ಹೊತ್ತು ಬಿಸ್ಮತ್ ಕಿಟಕಿಯ ಎಣಿಕೆ ಹೆಚ್ಚು, ಮಧ್ಯಾಹ್ನ ಕಡಿಮೆ. ನೆಲದ ಹತ್ತಿರದ ಗಾಳಿಯಲ್ಲಿ ರೇಡಾನ್ ಮುಂಜಾನೆ ಹೆಚ್ಚಿರುತ್ತದೆ, ಬಿಸಿಲೇರಿ ಗಾಳಿ ಕಲಕಿದಂತೆ ಕಡಿಮೆಯಾಗುತ್ತದೆ ಎಂಬುದು ತಿಳಿದ ಸಂಗತಿ. ಕೊಠಡಿಯ ಗಾಳಿಯ ರೇಡಾನನ್ನೇ ನನ್ನ ಉಪಕರಣ ಹಿಡಿಯುತ್ತಿದೆ ಎಂದು ನಿರ್ಧರಿಸಿ, ಪ್ರಬಂಧದ ಮೊದಲ ಕರಡನ್ನೂ ಬರೆದೆ. ನಕ್ಷೆಗಳನ್ನು ಬಿಡಿಸಲು ಸಹಾಯ ಮಾಡುತ್ತಿದ್ದ ಅಂತಿಮ ಬಿ.ಎಸ್ಸಿ.ಯ ವಿದ್ಯಾರ್ಥಿನಿಯೊಬ್ಬಳು ಒಂದು ಸಂಜೆ, “ಸಾರ್, ಪೊಟ್ಯಾಸಿಯಂ ಯಾಕೆ ಮಧ್ಯಾಹ್ನ ಕಡಿಮೆ ಆಗ್ತದೆ?” ಎಂದು ಕೇಳಿದಳು. ನಾನು ಆ ಕಿಟಕಿಯ ಅಂಕಿಗಳನ್ನು ನೋಡಿಯೇ ಇರಲಿಲ್ಲ. ಪೊಟ್ಯಾಸಿಯಂ ಅನಿಲವಲ್ಲ, ಅದು ಕಲ್ಲು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಅದಕ್ಕೆ ಬೆಳಗು ಮಧ್ಯಾಹ್ನಗಳ ಭೇದವಿಲ್ಲ.

ಆ ರಾತ್ರಿಯೇ 662 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಗ್ಯಾಮಾ ಕೊಡುವ ಸೀಸಿಯಂ-137 ಮೂಲವನ್ನು ಇಟ್ಟು ನೋಡಿದೆ, ಮರುದಿನ ಎರಡು ಗಂಟೆಯ ಬಿಸಿಲಿನಲ್ಲಿ ಮತ್ತೆ ನೋಡಿದೆ. ಎಣಿಕೆಗಳು ಗುಡ್ಡೆಯಾಗುವ ಪೀಕ್ ಮೊದಲಿದ್ದ ಜಾಗದಲ್ಲಿರಲಿಲ್ಲ. ಉಷ್ಣತೆ ಏರಿದಂತೆ ಹರಳಿನ ಬೆಳಕೂ ನಳಿಕೆಯ ವರ್ಧನೆಯೂ ಬದಲಾಗುತ್ತವೆ, ಸರಬರಾಜಿನ ವೋಲ್ಟೇಜ್ ಏರಿಳಿದರೆ ಅದೂ ಸೇರುತ್ತದೆ; ರೋಹಿತ, ಅಂದರೆ ಯಾವ ಶಕ್ತಿಯಲ್ಲಿ ಎಷ್ಟು ಎಣಿಕೆ ಎಂಬ ನಕ್ಷೆ, ಪೂರ್ತಿಯಾಗಿ ಒಂದು ಬದಿಗೆ ಜಾರಿ, ನಾನು ಗುರುತಿಟ್ಟ ಕಿಟಕಿಯಿಂದ ಪೀಕಿನ ಒಂದು ಭಾಗ ಹೊರಗೆ ಬಿದ್ದಿತ್ತು. ನಾನು ರೇಡಾನನ್ನು ಅಳೆದಿರಲಿಲ್ಲ, ದಾವಣಗೆರೆಯ ಬೇಸಿಗೆಯನ್ನು ಅಳೆದಿದ್ದೆ. ಎಂಟು ತಿಂಗಳ ಅಂಕಿಗಳನ್ನು ಬದಿಗಿಟ್ಟು ಮತ್ತೆ ಮೊದಲಿನಿಂದ ಆರಂಭಿಸಿದೆವು. ಪ್ರತಿ ಡಬ್ಬಿಗೆ ಮುನ್ನವೂ ಆಮೇಲೂ ಸೀಸಿಯಂನಿಂದ ಶಕ್ತಿಯ ಗುರುತು ನೋಡಿಕೊಳ್ಳುವುದು, ದೀರ್ಘ ಎಣಿಕೆಯನ್ನು ರಾತ್ರಿಯ ಹೊತ್ತು ಇಟ್ಟುಕೊಳ್ಳುವುದು, ಕೊಠಡಿಯ ಉಷ್ಣತೆಯನ್ನು ಎಣಿಕೆಯ ಪಕ್ಕದಲ್ಲೇ ಬರೆಯುವುದು ಎಂಬ ಪದ್ಧತಿ ಅಲ್ಲಿಂದ ಬಂತು. ಲೋಲಕದ ರೆಕಾರ್ಡಿನಲ್ಲಿ ಮಕ್ಕಳಿಗೆ ಏನು ಹೇಳಿದ್ದೆನೋ ಅದನ್ನೇ ನನಗೆ ಒಬ್ಬ ವಿದ್ಯಾರ್ಥಿನಿ ಹೇಳಿದ್ದಳು: ಬೇಕಾದ ಉತ್ತರ ಮೊದಲೇ ಮನಸ್ಸಿನಲ್ಲಿದ್ದರೆ ಕಣ್ಣು ಬೇರೆ ಅಂಕಣಕ್ಕೆ ಹೋಗುವುದಿಲ್ಲ. ಪ್ರಯೋಗಾಲಯದಲ್ಲಿ ಪ್ರಶ್ನೆ ಕೇಳುವ ಅಭ್ಯಾಸವನ್ನು ಆ ಹುಡುಗಿಗೆ ಯಾರೋ ಕಲಿಸಿದ್ದರಿಂದ ನನ್ನ ಸಂಶೋಧನೆ ಉಳಿಯಿತು. ಇವೆರಡೂ ಬೇರೆ ಕೆಲಸಗಳೆಂಬ ನಂಬಿಕೆ ನನ್ನಲ್ಲಿ ಮುಗಿದದ್ದು ಆಗ.

ಮಾದರಿ ತರಲು ಕ್ವಾರಿಗಳಿಗೆ ಹೋದಾಗ ಇನ್ನೊಂದು ಜವಾಬ್ದಾರಿ ಎದುರಾಗುತ್ತಿತ್ತು. ವಿಕಿರಣ ಎಂಬ ಮಾತು ಕಿವಿಗೆ ಬಿದ್ದೊಡನೆ ಜನ ಹೆದರುತ್ತಿದ್ದರು. ಮನೆಗೆ ಹಾಕಿಸಿದ ಕಲ್ಲನ್ನು ಕೀಳಿಸಬೇಕೇ ಎಂದು ಕೇಳುತ್ತಿದ್ದರು. ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿ 2000ದ ವರದಿಯಲ್ಲಿ ಕೊಟ್ಟಿರುವಂತೆ ಸಾಮಾನ್ಯ ಮಣ್ಣಿನ ಒಂದು ಕಿಲೋದಲ್ಲೇ ಯುರೇನಿಯಂ 35, ಥೋರಿಯಂ 30, ಪೊಟ್ಯಾಸಿಯಂ 400 ಬೆಕೆರೆಲ್‌ನಷ್ಟು ಇರುತ್ತವೆ, ಅಂದರೆ ಸೆಕೆಂಡಿಗೆ ಅಷ್ಟು ಕ್ಷಯಗಳು. ನಮ್ಮ ದೇಹದಲ್ಲಿ ಕೂಡ ಪೊಟ್ಯಾಸಿಯಂನಿಂದ ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಕ್ಷಯಗಳು ನಡೆಯುತ್ತವೆ. ಅದೇ ವರದಿಯ ಪ್ರಕಾರ ಪ್ರಪಂಚದ ಮನುಷ್ಯ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್ (ದೇಹ ಪಡೆಯುವ ವಿಕಿರಣದ ಅಳತೆ) ಸ್ವಾಭಾವಿಕ ವಿಕಿರಣ ಪಡೆಯುತ್ತಾನೆ. ಇದನ್ನು ಕಲ್ಲು ಒಡೆಯುವವರ ಭಾಷೆಯಲ್ಲಿ ಹೇಳುವುದು ಪ್ರಬಂಧ ಬರೆಯುವುದಕ್ಕಿಂತ ಕಷ್ಟ. ಅವರಿಗೆ ನಾನು ಪ್ರತಿ ಬಾರಿಯೂ ಒತ್ತಿ ಹೇಳುತ್ತಿದ್ದುದು ಬೇರೆಯೇ: ಕಲ್ಲಿನ ವಿಕಿರಣಕ್ಕಿಂತ ಕಲ್ಲಿನ ಧೂಳು ನಿಮ್ಮ ಶ್ವಾಸಕೋಶಕ್ಕೆ ಎಷ್ಟೋ ಪಟ್ಟು ಅಪಾಯ, ಕೊರೆಯುವಾಗ ನೀರು ಹಾಯಿಸಿ, ಮೂಗು ಬಾಯಿಗೆ ಸರಿಯಾದ ಮುಖಗವಸು ಹಾಕಿ.

ಸೌಕರ್ಯವಿಲ್ಲದ ಊರಿನಲ್ಲಿ ಸಂಶೋಧನೆ ಸಾಧ್ಯವೇ ಎಂದು ಕಿರಿಯ ಅಧ್ಯಾಪಕರು ಕೇಳುತ್ತಾರೆ. ಸಿ.ವಿ. ರಾಮನ್ 1907ರಿಂದ 1917ರವರೆಗೆ ಹಣಕಾಸು ಇಲಾಖೆಯ ಅಧಿಕಾರಿಯಾಗಿದ್ದುಕೊಂಡು, ಕಚೇರಿಗೆ ಮುನ್ನ ಮತ್ತು ಕಚೇರಿಯ ನಂತರ ಕಲ್ಕತ್ತೆಯ ಪ್ರಯೋಗಾಲಯದಲ್ಲಿ ದುಡಿದರು ಎಂಬುದನ್ನು ನಾವೆಲ್ಲ ಹೇಳುತ್ತೇವೆ. ನನಗೆ ಅದಕ್ಕಿಂತ ಹತ್ತಿರದವರು ಎಚ್. ನರಸಿಂಹಯ್ಯನವರು. ಅವರು ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಭೌತವಿಜ್ಞಾನದ ಮೇಷ್ಟರು. ಅಮೆರಿಕದ ಓಹಿಯೋಗೆ ಹೋಗಿ ನ್ಯೂಕ್ಲಿಯರ್ ಭೌತವಿಜ್ಞಾನದಲ್ಲಿ 1960ರಲ್ಲಿ ಡಾಕ್ಟರೇಟ್ ಪಡೆದು, ಮತ್ತೆ ಅದೇ ಕಾಲೇಜಿಗೆ, ಅದೇ ವಿದ್ಯಾರ್ಥಿಗಳ ನಡುವೆ ಬಂದರು. 1962ರಲ್ಲಿ ಅವರು ಕಟ್ಟಿದ ಬೆಂಗಳೂರು ವಿಜ್ಞಾನ ವೇದಿಕೆಯಲ್ಲಿ ಉಪನ್ಯಾಸ ಕೇಳಲು ಯಾರು ಬೇಕಾದರೂ ಬರಬಹುದಿತ್ತು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಮೇಲೂ ಅವರು ತಮ್ಮನ್ನು ಮೇಷ್ಟರೆಂದೇ ತಿಳಿದಿದ್ದರು ಎಂದು ನನ್ನ ಭಾವನೆ.

ಈಗಿನ ಅಧ್ಯಾಪಕರ ಕಷ್ಟವನ್ನು ನಾನು ಕಡಿಮೆಯೆಂದು ಹೇಳುವುದಿಲ್ಲ. ವಾರಕ್ಕೆ 16 ಗಂಟೆ ಪಾಠ ಎಂದು ನಿಯಮದಲ್ಲಿದ್ದರೂ ದಾಖಲಾತಿ, ಪರೀಕ್ಷೆ, ವರದಿಗಳ ಕೆಲಸ ಅದನ್ನು ನುಂಗುತ್ತದೆ. ಸರ್ಕಾರಿ ಕಾಲೇಜುಗಳ ಎಷ್ಟೋ ತರಗತಿಗಳನ್ನು ನಡೆಸುತ್ತಿರುವ ಅತಿಥಿ ಉಪನ್ಯಾಸಕರಿಗೆ ಮುಂದಿನ ವರ್ಷ ಕೆಲಸವಿರುತ್ತದೋ ಇಲ್ಲವೋ ಎಂಬ ಚಿಂತೆ. ಅವರನ್ನು ಕರೆದು ಸಂಶೋಧನೆ ಮಾಡಿ ಎನ್ನುವುದು ನ್ಯಾಯವಲ್ಲ. 2010ರಿಂದ ಬಡ್ತಿಗೆ ಅಂಕಗಳ ಲೆಕ್ಕ ಬಂದ ಮೇಲೆ ಪ್ರಬಂಧಗಳ ಸಂಖ್ಯೆ ಏರಿತು, ಹಣ ಪಡೆದು ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳೂ ಹುಟ್ಟಿಕೊಂಡವು. ಅಂಥ ಒಂದು ಪತ್ರಿಕೆ ನನ್ನ ಪ್ರಬಂಧವನ್ನು ಓದದೆಯೇ ಎರಡು ದಿನದಲ್ಲಿ ಒಪ್ಪಿಕೊಂಡಿತು. ನಾನು ಹಿಂದಕ್ಕೆ ಪಡೆದೆ. ಅಂಕಕ್ಕಾಗಿ ಬರೆದ ಪ್ರಬಂಧಕ್ಕೂ ಅಂಕಕ್ಕಾಗಿ ಬರೆದ 980ಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ಆದರೆ ನಮ್ಮ ಕಾಲದಲ್ಲಿ ಇಲ್ಲದ ಅನುಕೂಲಗಳು ಈಗ ಹತ್ತಿರದಲ್ಲೇ ಇವೆ. ತೋಳಹುಣಸೆಯ ಸ್ನಾತಕೋತ್ತರ ಕೇಂದ್ರ 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯವಾಯಿತು. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ, ಅಲ್ಲಿ ಶಾಲೆ ಮತ್ತು ಕಾಲೇಜು ಅಧ್ಯಾಪಕರಿಗೆ ಪ್ರಯೋಗಗಳನ್ನು ಕೈಯಾರೆ ಮಾಡಿಸಿ ಕಲಿಸುತ್ತಾರೆ. ಭಾರತೀಯ ವಿಜ್ಞಾನ ಅಕಾಡೆಮಿ ಪ್ರೊ. ಆರ್. ಶ್ರೀನಿವಾಸನ್ ಅವರ ನಿರ್ದೇಶನದಲ್ಲಿ ನಡೆಸಿದ ಪ್ರಾಯೋಗಿಕ ಭೌತವಿಜ್ಞಾನದ ರಿಫ್ರೆಷರ್ ಕೋರ್ಸುಗಳು ಕಡಿಮೆ ಬೆಲೆಯ ಕಿಟ್‌ಗಳಿಂದ ಎಷ್ಟು ನಿಖರ ಅಳತೆ ಸಾಧ್ಯವೆಂದು ದೇಶದ ನೂರಾರು ಅಧ್ಯಾಪಕರಿಗೆ ತೋರಿಸಿದವು. ಸಂಬಳ ಸಹಿತ ರಜೆ ಸಿಗುವವರು ಅದನ್ನು ಬಳಸಿಕೊಳ್ಳಿ. ಸಿಗದವರು ಪಠ್ಯದಲ್ಲಿ ಇರುವ ಪ್ರಯೋಗಗಳಲ್ಲೇ ಒಂದನ್ನು ಆರಿಸಿ, ಅದರ ತಪ್ಪಿನ ಮೂಲಗಳನ್ನು ಒಂದು ಬ್ಯಾಚಿನ ಮಕ್ಕಳೊಂದಿಗೆ ವರ್ಷವಿಡೀ ಹುಡುಕಿ. ಚಿತ್ರದುರ್ಗದ ಬಳಿಯ ನಮ್ಮ ಜೋಗಿಮಟ್ಟಿ ಬೆಟ್ಟದ ಗಾಳಿಯಂತ್ರಗಳಲ್ಲಿ ಗಾಳಿಯ ವೇಗ ಅರ್ಧವಾದರೆ ಸಿಗಬಹುದಾದ ಶಕ್ತಿ ಎಂಟನೆಯ ಒಂದಕ್ಕೆ ಏಕೆ ಇಳಿಯುತ್ತದೆ, ಮಂಡಕ್ಕಿ ಭಟ್ಟಿಯ ಕಾದ ಮರಳಿನಲ್ಲಿ ಅಕ್ಕಿಯ ಒಳಗಿನ ನೀರು ಆವಿಯಾಗಿ ಕಾಳನ್ನು ಉಬ್ಬಿಸುವಾಗ ತೇವಾಂಶ ಎಷ್ಟಿದ್ದರೆ ಹೆಚ್ಚು ಅರಳುತ್ತದೆ ಎಂಬಂಥ ಪ್ರಶ್ನೆಗಳು ಒಂದು ತಕ್ಕಡಿ, ಒಂದು ಉಷ್ಣಮಾಪಕದಿಂದಲೇ ಆರಂಭವಾಗುತ್ತವೆ.

ಕೊನೆಯದಾಗಿ ಈಗ ನಡೆಯುತ್ತಿರುವ ಕೆಲಸದ ವಿಷಯ. ಪೊಟ್ಯಾಸಿಯಂನ ಪ್ರಶ್ನೆ ಕೇಳಿದ ಆ ವಿದ್ಯಾರ್ಥಿನಿ ಈಗ ತಾನೇ ಅಧ್ಯಾಪಕಿ. ಹೊಳಲ್ಕೆರೆ ಕಡೆಯ ಹನ್ನೆರಡು ಜಾಗಗಳಿಂದ ಅವರು ತಮ್ಮ ವಿದ್ಯಾರ್ಥಿಗಳೊಡನೆ ಕಲ್ಲು ತಂದು ಪುಡಿ ಮಾಡಿಸಿದ್ದಾರೆ. ಹಳೆಯ ಉಪಕರಣದಲ್ಲಿ ನಾನು ಅಳೆದ ಜಾಗಗಳೇ ಅವು, ನನ್ನ ಬೆಲೆಗಳು ಎಷ್ಟರಮಟ್ಟಿಗೆ ಸರಿ ಎಂದು ಪರೀಕ್ಷಿಸಲು ನಾನೇ ಕೇಳಿಕೊಂಡಿದ್ದೇನೆ. ನನ್ನ ಅಂಕಿಗಳನ್ನು ಅವರಿಗಾಗಲಿ ಅವರ ವಿದ್ಯಾರ್ಥಿಗಳಿಗಾಗಲಿ ತೋರಿಸಿಲ್ಲ, ಎಣಿಕೆ ಮುಗಿಯುವವರೆಗೆ ತೋರಿಸುವುದೂ ಇಲ್ಲ. ಡಬ್ಬಿಗಳ ಮುಚ್ಚಳಕ್ಕೆ ಮೇಣ ಬಳಿದು ಇಂದಿಗೆ ಹತ್ತೊಂಬತ್ತು ದಿನ. ಇನ್ನು ಎಂಟು ದಿನ ಕಾಯಬೇಕು.